ಮಾವನ ರೈಫಲ್ಲಿಗೆ ಹತ್ತಿದ ಮೇಣ

ನಮ್ಮ ಕಡೆ ಕೋವಿ ಇರುವ ಮನೆಗೆ ಹೋಗಿ, ಮಳೆಗಾಲದಲ್ಲಿ ಇದನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಿ. ಎಲ್ಲರದೂ ಒಂದೇ ಉತ್ತರ: ಎಣ್ಣೆ ಹಾಕುತ್ತೇವೆ. ಯಾವ ಎಣ್ಣೆ, ಎಷ್ಟು ಹಾಕಿದಿರಿ, ಹಾಕುವ ಮೊದಲು ಏನನ್ನು ಒರೆಸಿ ತೆಗೆದಿರಿ ಎಂದು ಮುಂದುವರಿಸಿದರೆ ಮಾತು ಅಡಿಕೆಯ ದರಕ್ಕೆ ಹೊರಳುತ್ತದೆ. ಹಚ್ಚುವುದರಲ್ಲಿ ಇರುವ ಉತ್ಸಾಹ ತೆಗೆಯುವುದರಲ್ಲಿ ಇಲ್ಲ. ಕೋವಿ ಹಾಳಾಗುವುದು ಬಹುಪಾಲು ಅಲ್ಲಿಯೇ ಎಂಬುದು ನನ್ನ ಮಾವನ ವಾದ. ಅವರ ರೈಫಲ್ಲಿನ ಕತೆ ಕಂಡ ಮೇಲೆ ನನ್ನದೂ ಅದೇ.

ಮಾವ ಮಿಲಿಟರಿಯಲ್ಲಿದ್ದು ಬಂದವರು. ಕೊಲ್ಲೂರು ಕಡೆಗೆ ತೋಟ. ನೆರೆಕರೆಯವರ ಬಳಿ ಬೆಳೆ ರಕ್ಷಣೆಯ ಲೈಸೆನ್ಸಿನ ತೋಟೆ ಕೋವಿಗಳಿವೆ, ಒಂದೆರಡು ಹಳೆಯ ಕೇಪಿನ ಕೋವಿಗಳೂ ಇವೆ. ಮಾವನದು ಮಾತ್ರ ಸರಕಾರಿ ಕಾರ್ಖಾನೆಯ .315 ರೈಫಲ್, ಬಂಗಾಳದ ಇಶಾಪುರದಲ್ಲಿ ತಯಾರಾದದ್ದು. ಅದನ್ನು ಅವರು ಮಂಗನ ಮೇಲೂ ಎತ್ತಲಿಲ್ಲ, ಹಂದಿಯ ಮೇಲೂ ಎತ್ತಲಿಲ್ಲ. ಹೆದರಿಸುವ ನೆವದಲ್ಲಿ ಆಕಾಶಕ್ಕಂತೂ ಹೊಡೆಯಲೇ ಇಲ್ಲ. ತೋಟೆ ಕೋವಿಯ ಚಿಲ್ಲು ಸ್ವಲ್ಪ ದೂರದಲ್ಲಿ ಸೋತು ಉದುರುತ್ತದೆ, ರೈಫಲ್ಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗಿ ಯಾರದೋ ಅಂಗಳದಲ್ಲಿ ಇಳಿಯಬಹುದು. ಮಂಗಗಳಿಗೆ ಗರ್ನಾಲು ಸಾಕು ಎನ್ನುತ್ತಾರೆ ಅವರು. ಮಂಗಗಳ ಅಭಿಪ್ರಾಯ ಬೇರೆ ಇರಬಹುದು.

ಆ ರೈಫಲ್ಲಿಗೆ ಒಂದು ರೋಗವಿತ್ತು. ಬೇಸಿಗೆಯಲ್ಲಿ ಇಟ್ಟ ಗುರಿ ಮಳೆಗಾಲದಲ್ಲಿ ನಿಲ್ಲುತ್ತಿರಲಿಲ್ಲ. ಇದರಲ್ಲಿ ಮಾಯವೇನಿಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಆಷಾಢದಲ್ಲಿ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ, ಹಾಗಿರುವಾಗ ಕೋವಿಯ ಮರ ಸುಮ್ಮನಿದ್ದೀತೇ? ನಳಿಗೆ ಮತ್ತು ಅದರ ಹಿಂದಿನ ಉಕ್ಕಿನ ಭಾಗ ಮರದ ಹಾಸಿನಲ್ಲಿ ಎರಡು ಸ್ಕ್ರೂಗಳ ಬಲದಲ್ಲಿ ಕೂತಿರುತ್ತವೆ. ಮರ ಕೂದಲೆಳೆಯಷ್ಟು ಉಬ್ಬಿದರೂ, ತಿರುಚಿದರೂ, ಉಕ್ಕಿನ ಮೇಲೆ ಒತ್ತಡ ಬೀಳುವ ಜಾಗ ಬದಲಾಗಿ ಗುಂಡು ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಮದ್ದು ಬೆಡ್ಡಿಂಗ್. ಮರವನ್ನು ಒಳಗಡೆ ಸ್ವಲ್ಪ ಕೆತ್ತಿ, ಇಪಾಕ್ಸಿ ಅಂಟು ತುಂಬಿ, ಉಕ್ಕನ್ನು ಅದರೊಳಗೆ ಒತ್ತಿ ಕೂರಿಸಿ, ಗಟ್ಟಿಯಾದ ಮೇಲೆ ಬಿಡಿಸುವುದು. ಆಗ ಉಕ್ಕಿನ ಅಚ್ಚೊತ್ತಿದ ಹಾಸಿಗೆ ಸಿದ್ಧ. ಅದು ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ.

ಆದರೆ ಇಪಾಕ್ಸಿಗೆ ಮರವೂ ಒಂದೇ, ಉಕ್ಕೂ ಒಂದೇ. ಹಾಗೆಯೇ ಬಿಟ್ಟರೆ ಎರಡನ್ನೂ ಸೇರಿಸಿ ಹಿಡಿದುಬಿಡುತ್ತದೆ, ಆಮೇಲೆ ಬಿಡಿಸಲು ಗರಗಸವೇ ಬೇಕು. ಅದಕ್ಕೆಂದೇ ಉಕ್ಕಿಗೆ ಮೊದಲು ರಿಲೀಸ್ ಏಜೆಂಟ್ ಬಳಿಯುತ್ತಾರೆ. ಮೇಣದ ಪಾಲಿಶ್, ಬಣ್ಣವಿಲ್ಲದ ಬೂಟ್ ಪಾಲಿಶ್, ಒಣಗಿದಾಗ ತೆಳು ಪೊರೆಯಾಗುವ ಪಿವಿಎ ದ್ರಾವಣ, ಹೀಗೆ ಅವರವರ ಕೈಯಭ್ಯಾಸ. ಸ್ಕ್ರೂ ತೂತು, ಕುದುರೆಯ (ಟ್ರಿಗರಿನ) ಗೂಡಿಗೆ ಅಂಟು ನುಗ್ಗದಂತೆ ಮಕ್ಕಳು ಆಡುವ ಬಣ್ಣದ ಜಿಡ್ಡುಮಣ್ಣನ್ನು ಮೆತ್ತುವುದೂ ಉಂಟು.

ಮಾವ ಇದನ್ನು ಮನೆಯಲ್ಲಿ ಮಾಡಲಿಲ್ಲ. 1959ರ ಆಯುಧ ಕಾಯಿದೆಯ ಐದನೆಯ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಯ ಕೆಲಸಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸಿನಲ್ಲಿ ಅದು ಸೇರಿಲ್ಲ. ಹಾಗಾಗಿ ಲೈಸೆನ್ಸ್ ಇದ್ದ ಒಬ್ಬ ದುರಸ್ತಿಯವರಲ್ಲಿಗೆ ಕಾಗದಪತ್ರ ಸಮೇತ ಹೋಯಿತು, ಸೊಗಸಾಗಿ ಬೆಡ್ಡಿಂಗ್ ಆಗಿ ಬಂತು. ಹೊರಗಡೆ ಕನ್ನಡಿ. ಒಳಗೆ ಬಿಚ್ಚಿ ನೋಡಿದರೆ ಮೂಲೆಮೂಲೆಯಲ್ಲಿ ಮೇಣ, ಅದರ ಮೇಲೆ ಹಸಿರು ಪೊರೆಯ ಚಿಂದಿ, ಸ್ಕ್ರೂವಿನ ಸುತ್ತ ಜಿಡ್ಡುಮಣ್ಣು. ಕುದುರೆ ಎಳೆದು ಬಿಟ್ಟರೆ ಸೋಮಾರಿಯಂತೆ ವಾಪಸು ಬರುತ್ತಿತ್ತು.

ಇದನ್ನು ತೆಗೆಯುವುದು ಹೇಗೆ? ಮಾವನ ಮನೆಯಲ್ಲಿ ಆ ವಾರ ಬಂದವರೆಲ್ಲ ಸಲಹೆಗಾರರು. ಸೀಮೆಎಣ್ಣೆ ಎಂದರೊಬ್ಬರು, ಪೆಟ್ರೋಲ್ ಎಂದರೊಬ್ಬರು. ತೆಂಗಿನೆಣ್ಣೆ ತಿಕ್ಕಿದರೆ ಎಲ್ಲ ಬಿಟ್ಟುಹೋಗುತ್ತದೆ ಎಂದರು ಮತ್ತೊಬ್ಬರು, ಕುಂದಾಪ್ರದಲ್ಲಿ ಅದನ್ನು ಹೇಳದೆ ಸಭೆ ಮುಗಿಯುವುದಿಲ್ಲ. ಸರಿಯಾದ ಉತ್ತರ ಸಿಕ್ಕಿದ್ದು ಕೋವಿಯನ್ನೇ ಮುಟ್ಟದ ಮನುಷ್ಯನಿಂದ. ಹಂಗಾರಕಟ್ಟೆಯ ಕಡೆ ಫೈಬರ್ ದೋಣಿಯ ಕೆಲಸ ಮಾಡುವ ನಮ್ಮ ಪರಿಚಯದವರು ಅವರು. ಗಂಗೊಳ್ಳಿ, ಮರವಂತೆ, ಉಪ್ಪುಂದದಲ್ಲಿ ಅಲೆ ಸೀಳಿ ಹೋಗುವ ನಾಡದೋಣಿಗಳು ಈಗ ಹೆಚ್ಚಿನವು ಫೈಬರ್‌ನವೇ. ಅವು ಹುಟ್ಟುವುದು ಅಚ್ಚಿನಲ್ಲಿ. ಅಚ್ಚಿಗೆ ಮೇಣ ತಿಕ್ಕಿ ಹೊಳಪಿಸಿ, ಅದರ ಮೇಲೆ ಪಿವಿಎ ಹೊಡೆದು, ಆಮೇಲೆ ಗಾಜಿನ ಮ್ಯಾಟು, ರೆಸಿನ್ನು. ಕೋವಿಯ ಕಾರ್ಯಾಗಾರದಲ್ಲಿ ಚಮಚೆಯಲ್ಲಿ ಬಳಸುವುದನ್ನು ಇವರು ಡಬ್ಬಿಗಟ್ಟಲೆ ಬಳಸುತ್ತಾರೆ. ದೋಣಿ ಅಚ್ಚಿನಿಂದ ಹೊರಬಂದ ಮೇಲೆ ಆ ಮೇಣ ಒಂದಿಷ್ಟು ಉಳಿದರೂ ಪೇಂಟು ಹಿಡಿಯುವುದಿಲ್ಲ, ಮೀನಿನ ಕಣ್ಣಿನಂತೆ ಅಲ್ಲಲ್ಲಿ ಗುಳಿ ಬೀಳುತ್ತದೆ. ಆದ್ದರಿಂದ ತೆಗೆಯುವ ವಿದ್ಯೆ ಅವರ ಹೊಟ್ಟೆಪಾಡು.

"ಹಚ್ಚುಕೆ ಯಾರಿಗೂ ಬತ್ತ್. ತೆಗುಕೆ ಬತ್ತಾ ಕೇಣಿ," ಎಂದು ಸುರುಮಾಡಿದ ಅವರು ಹೇಳಿದ್ದು ಇಷ್ಟು: ಮೊದಲು ನೀರು, ಆಮೇಲೆ ಟರ್ಪಂಟೈನ್. ತಿರುವುಮುರುವು ಮಾಡಿದರೆ ದಿನವಿಡೀ ತಿಕ್ಕುತ್ತಾ ಕೂರಬೇಕು. ಪಿವಿಎ ಪೊರೆ ನೀರಿಗೆ ಕರಗುತ್ತದೆ, ಟರ್ಪಂಟೈನಿಗೆ ಜಪ್ಪಯ್ಯ ಅನ್ನುವುದಿಲ್ಲ. ಮೇಣದ್ದು ಅದರ ಉಲ್ಟಾ. ಮೇಲೆ ಪೊರೆ, ಕೆಳಗೆ ಮೇಣ ಇರುವಾಗ ಪೊರೆ ಹೋಗದೆ ಮೇಣ ಸಿಗುವುದಿಲ್ಲ. ಸಿಲಿಕೋನ್ ಸ್ಪ್ರೇ ಬಳಸಿದ್ದರೆ ಮಾತ್ರ ದೇವರೇ ಗತಿ, ಅದು ಒರೆಸಿದಷ್ಟೂ ಹರಡುತ್ತದೆ, ಮರಕ್ಕೆ ತಾಗಿದರೆ ಮುಂದೆ ಪಾಲಿಶ್ ಹಿಡಿಯುವುದೂ ಕಷ್ಟ. ಪುಣ್ಯಕ್ಕೆ ಮಾವನ ರೈಫಲ್ಲಿಗೆ ಅದು ಬಿದ್ದಿರಲಿಲ್ಲ.

ಇಪಾಕ್ಸಿ ಮರುದಿನವೇ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು ವಾರ ಬೇಕು. ಅಲ್ಲಿಯವರೆಗೆ ಟರ್ಪಂಟೈನ್ ಸೋಕಿಸಲು ಮಾವ ಬಿಡಲಿಲ್ಲ. ಕೊನೆಗೆ ಕೆಲಸಕ್ಕೆ ಕೂತಾಗ ಮೊದಲು ಮಾಡಿದ್ದು ತೋಟೆಗಳನ್ನು ಇನ್ನೊಂದು ಕೋಣೆಗೆ ಸಾಗಿಸಿದ್ದು. ಬೋಲ್ಟ್ ಎಳೆದು ತೆಗೆದರು, ಮ್ಯಾಗಜಿನ್ ತೆಗೆದರು, ತೋಟೆ ಕೂರುವ ಗೂಡನ್ನು ಕಣ್ಣಿನಿಂದ ನೋಡಿ ಕಿರುಬೆರಳು ಹಾಕಿ ಮುಟ್ಟಿಯೂ ನೋಡಿದರು. ನಾನೇ ಎದುರಿಗೆ ನೋಡಿದ್ದೇನಲ್ಲ ಎಂದರೆ, ನೀನು ನೋಡಿದ್ದು ನಿನಗೆ, ನಾನು ನೋಡಿದ್ದು ನನಗೆ ಎಂದರು. ಮಿಲಿಟರಿಯವರ ಜತೆ ವಾದ ಬೇಡ.

ಜಾಗದ ವಿಷಯದಲ್ಲೂ ಅಷ್ಟೇ. ನಮ್ಮ ಮನೆಗಳಲ್ಲಿ ಮಳೆಗಾಲವಿಡೀ ಬಚ್ಚಲ ಒಲೆ ಹೊಗೆಯಾಡುತ್ತಲೇ ಇರುತ್ತದೆ, ಟರ್ಪಂಟೈನಿನ ಆವಿಗೆ ಅಷ್ಟು ಬೆಂಕಿ ಸಾಕು. ಗಾಳಿಯಾಡುವ ಜಗಲಿಯ ತುದಿಯಲ್ಲಿ, ಒಲೆಗೆ ದೂರವಾಗಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ ಕೂತೆವು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟ ಸ್ವಲ್ಪ ಹೊತ್ತಿಗೆ ಹಸಿರು ಪೊರೆ ಸಡಿಲಿ ಎದ್ದಿತು. ಜಿಡ್ಡುಮಣ್ಣನ್ನು ಬಿದಿರುಕಡ್ಡಿಯಿಂದ ಮೀಟಿದೆವು, ಉಕ್ಕಿನ ಮೊಳೆಯಿಂದ ಅಲ್ಲ. ಒಣಗಿಸಿದ ಮೇಲೆ ಟರ್ಪಂಟೈನ್ ಹನಿಸಿದ ಬಟ್ಟೆ. ಸ್ಕ್ರೂವಿನ ಸುತ್ತ ಹಳೆಯ ಹಲ್ಲುಜ್ಜುವ ಬ್ರಷ್ಷು. ಥಿನ್ನರ್ ಬಾಟಲಿ ಹತ್ತಿರವೇ ಇದ್ದರೂ ಮುಟ್ಟಲಿಲ್ಲ, ಅದು ಮೇಣದ ಜತೆ ಮರದ ಪಾಲಿಶನ್ನೂ ತಿಂದುಹಾಕುತ್ತದೆ. ಗುಂಡು ಸಿಡಿದಾಗ ಹಿಂದಕ್ಕೆ ಒದೆಯುವ ಉಕ್ಕಿನ ಗೆಣ್ಣು, ಬೋಲ್ಟಿನ ಹಲ್ಲು ಕೂರುವ ತೋಡು, ತೋಟೆಯ ಗೂಡು, ಈ ಮೂರರಲ್ಲಿ ಮಾವ ಟಾರ್ಚ್ ಬಿಟ್ಟು ಮತ್ತೆ ಮತ್ತೆ ನೋಡಿದರು. ಗೂಡಿನಲ್ಲಿ ಜಿಡ್ಡು ಉಳಿದರೆ ಸಿಡಿದ ತೋಟೆ ಗೋಡೆಗೆ ಹಿಡಿದು ನಿಲ್ಲದೆ ಬೋಲ್ಟನ್ನು ಹೆಚ್ಚು ಬಲದಿಂದ ಹಿಂದಕ್ಕೆ ಗುದ್ದುತ್ತದೆ.

ಕುದುರೆಯ ಗೂಡನ್ನು ಮಾತ್ರ ನಾವು ಬಿಚ್ಚಲಿಲ್ಲ. ಎಳೆದ ಕುದುರೆ ಪೂರ್ತಿ ವಾಪಸು ಬಾರದ ರೈಫಲ್ ತಾನಾಗಿ ಸಿಡಿಯಬಹುದಾದ ರೈಫಲ್. ಮನೆಯ ಸ್ಕ್ರೂಡ್ರೈವರಿನಲ್ಲಿ ಅದಕ್ಕೆ ಪರಿಹಾರವಿಲ್ಲ. ಅದು ಪುನಃ ದುರಸ್ತಿಯವರಲ್ಲಿಗೆ ಹೋಗಿ ತೊಳೆಸಿಕೊಂಡು ಬಂತು.

ಒಳಗಿನಿಂದ ಅತ್ತೆಯ ದನಿ: "ಕೋವಿ ತಿಕ್ಕುಕೆ ಇಪ್ಪ ಉಮೇದ್ ಚಾ ಪಾತ್ರೆ ತೊಳುಕೆ ಇಲ್ಲೆ." ಮಾವನಿಗೆ ಕೇಳಿಸಲಿಲ್ಲ. ಫಿರಂಗಿ ದಳದಲ್ಲಿದ್ದವರಿಗೆ ಕಿವಿ ಸ್ವಲ್ಪ ಮಂದ, ಅತ್ತೆಯ ಮಾತಿಗೆ ಇನ್ನೂ ಮಂದ.

ಮೇಣ ಹೋದ ಉಕ್ಕು ನೋಡಲು ಚಂದ, ಆದರೆ ಆಗಲೇ ಅದು ತೀರಾ ಬರಿಮೈ. ಟರ್ಪಂಟೈನ್ ಮೇಣದ ಜತೆ ಹಳೆಯ ಎಣ್ಣೆಯನ್ನೂ ಹೊತ್ತೊಯ್ದಿರುತ್ತದೆ. ನಮ್ಮ ಉಪ್ಪುಗಾಳಿಗೆ ಒಂದು ರಾತ್ರಿ ಸಿಕ್ಕರೂ ಬೆಳಗ್ಗೆ ಕೆಂಪು ಚುಕ್ಕೆ. ಹಾಗಾಗಿ ಒರೆಸಿದ ಕೈಯಲ್ಲೇ ಕೋವಿಯ ಎಣ್ಣೆ, ಹೊಳಪು ಕಾಣುವಷ್ಟು ತೆಳುವಾಗಿ. ತೆಂಗಿನೆಣ್ಣೆ ಬೇಡ ಎನ್ನುವುದಕ್ಕೆ ಕಾರಣವಿದೆ: 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಹಳತಾದರೆ ಕಮಟಿ ಧೂಳು ಹಿಡಿಯುತ್ತದೆ. ಮರಕ್ಕೆ ಅಗಸೆ ಎಣ್ಣೆ ಹಚ್ಚುವವರು ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಆ ಎಣ್ಣೆಗಿದೆ. ಹೊರಗೆ ಹರಡಿ ಒಣಗಿಸಬೇಕು.

ಕೇಪಿನ ಕೋವಿಯವರ ಪಾಡು ಇನ್ನೂ ಬೇರೆ. ಕಪ್ಪು ಮದ್ದು ಉರಿದು ಉಳಿಯುವ ಮಸಿ ಉಪ್ಪಿನ ಜಾತಿಯದು, ಗಾಳಿಯ ಪಸೆ ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಅದರ ಮೇಲೆ ಎಣ್ಣೆ ಸುರಿದರೆ ತುಕ್ಕಿಗೆ ಕಂಬಳಿ ಹೊದೆಸಿದಂತಷ್ಟೇ. ಹಳಬರು ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಅದೇ ಸರಿ. ಆಯುಧಪೂಜೆಯ ಗಂಧ ಕುಂಕುಮವೂ ಹಾಗೆ. ಒದ್ದೆ ಗಂಧ ಉಕ್ಕಿನ ಮೇಲೆ ದಿನಗಟ್ಟಲೆ ಉಳಿದರೆ ಬೊಟ್ಟಿನ ಆಕಾರದಲ್ಲೇ ತುಕ್ಕು. ಮಾವ ಬೊಟ್ಟನ್ನು ಮರಕ್ಕಿಡುತ್ತಾರೆ, ದೇವರ ಆಕ್ಷೇಪ ಈವರೆಗೆ ಬಂದಿಲ್ಲ. ಕೊಡವರು ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ ತೋಕನ್ನು, ಎಂದರೆ ಕೋವಿಯನ್ನು, ಒರೆಸಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ನಮಗೆ ಆ ಭಾಗ್ಯವಿಲ್ಲ.

ನಮಗಿರುವುದು ಚುನಾವಣೆಯ ಹೊತ್ತಿಗೆ ಕೋವಿಯನ್ನು ಠಾಣೆಯಲ್ಲಿಡುವ ಠೇವಣಿ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ಕುಂದಾಪುರದವರು ಉಡುಪಿ ಚಿಕ್ಕಮಗಳೂರು ಕ್ಷೇತ್ರಕ್ಕೆ ಏಪ್ರಿಲ್ 26ರಂದು ಮತ ಹಾಕಿದರು, ಬೈಂದೂರಿನವರು ಶಿವಮೊಗ್ಗ ಕ್ಷೇತ್ರಕ್ಕೆ ಮೇ 7ರಂದು. ಎಣಿಕೆ ಜೂನ್ 4. ಅಂದರೆ ಠಾಣೆಯಲ್ಲಿಟ್ಟ ಕೋವಿಗಳು ಬಿಡುಗಡೆಯಾಗುವ ಹೊತ್ತಿಗೆ ಮಳೆ ಹಿಡಿಯುವ ಕಾಲ. ಇಡುವ ಮುಂಚೆ ಒರೆಸಿ ಎಣ್ಣೆ ಹಚ್ಚಿದವರ ಕೋವಿ ಬದುಕಿತು, ಬೆವರುಗೈಯಲ್ಲಿ ಹಾಗೇ ಕೊಟ್ಟು ಬಂದವರದು ಬೆರಳಚ್ಚು ಸಮೇತ ತುಕ್ಕು ಹಿಡಿಯಿತು. ಮಂಗಗಳು ಆ ತಿಂಗಳುಗಳನ್ನು ಚೆನ್ನಾಗಿ ಬಳಸಿಕೊಂಡವು.

ಮುಂದಿನ ಸಲ ಠಾಣೆಯಿಂದಾಗಲಿ ದುರಸ್ತಿಯವರಿಂದಾಗಲಿ ಕೋವಿ ಮನೆಗೆ ಬಂದಾಗ ಒಂದು ಕೆಲಸ ಮಾಡಿ. ಖಾಲಿ ಇದೆಯೆಂದು ನೋಡಿ, ಹಿಂಬದಿ ತೆರೆಯುವ ಕೋವಿಯಾದರೆ ನಳಿಗೆಯೊಳಗೆ ಬೆಳಕು ಹಾಯಿಸಿ, ಒಣ ಬಟ್ಟೆಯೊಂದನ್ನು ಈ ತುದಿಯಿಂದ ಆ ತುದಿಗೆ ಎಳೆಯಿರಿ. ಅದು ಒಣಗಿಯೇ ಹೊರಬರುವವರೆಗೆ, ಮೇಣವಿರಲಿ ಎಣ್ಣೆಯಿರಲಿ, ಒಳಗೆ ಏನೋ ಇದೆ; ಅಲ್ಲಿಯವರೆಗೆ ತೋಟೆ ಹಾಕಬೇಡಿ.