ಐನೂರು ಕಿಲೋ ಎಲೆ, ಒಂದು ಗ್ರಾಂ ಔಷಧ

ಅಭ್ಯಾಸ ಬೋಧನೆಯಲ್ಲಿ ನನ್ನ ಪಾಲಿಗೆ ಬಂದದ್ದು ಹತ್ತನೇ ತರಗತಿಯ ‘ಅನುವಂಶೀಯತೆ’. ಜೀನ್‌ನ ಸೂಚನೆಯಂತೆ ಕಿಣ್ವ, ಕಿಣ್ವದಿಂದ ಒಂದೊಂದು ರಾಸಾಯನಿಕ ಹಂತ ಎಂಬುದನ್ನು ತೋರಿಸಲು ಶಾಲೆಯ ಅಂಗಳದ ಕಾಶಿ ಕಣಗಿಲೆಯನ್ನೇ ಆರಿಸಿಕೊಂಡೆ. ಕೆಲವರಿಗೆ ಅದು ನಿತ್ಯಪುಷ್ಪ. ಅದರ ಎಲೆಯಲ್ಲಿ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳಿವೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಎರಡನೆಯದನ್ನು ಇಂದಿಗೂ ಕೊಡುತ್ತಾರೆ. ಆದರೆ 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು.

“ಒಂದು ಜೀನ್ ಜಾಸ್ತಿ ಹಾಕಿದ್ರೆ ಔಷಧಿ ಜಾಸ್ತಿ ಆಗಲ್ವಾ ಮಿಸ್?” ಎಂದು ಒಬ್ಬ ಕೇಳಿದ.

ಉತ್ತರಕ್ಕೆ ಬದಲು ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಪ್ರತಿಯೊಬ್ಬರೂ ಒಂದು ಕಿಣ್ವ. ಕೈಯಿಂದ ಕೈಗೆ ಹುಣಸೆಬೀಜ. ಐದನೆಯವಳು ಮಾತ್ರ ಪ್ರತಿ ಬೀಜವನ್ನೂ ಕಾಗದದಲ್ಲಿ ಸುತ್ತಿ ಮುಂದೆ ಕೊಡಬೇಕು. ಮೊದಲ ನಾಲ್ವರು ವೇಗ ಹೆಚ್ಚಿಸಿದರು. ಬೀಜ ಐದನೆಯವಳ ಮುಂದೆ ರಾಶಿಬಿತ್ತೇ ಹೊರತು ಕೊನೆಗೆ ತಲುಪಿದ್ದು ಅಷ್ಟೇ.

2000ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ಗಿಡದ ಕೋಶಗಳಲ್ಲಿ ‘ಆರ್ಕಾ3’ ಎಂಬ ಜೀನನ್ನು ಚುರುಕುಗೊಳಿಸಿದರು. ಹಲವು ಕಿಣ್ವಗಳು ಹೆಚ್ಚಿದವು. ಆದರೂ ಲೋಗಾನಿನ್ ಎಂಬ ಕಚ್ಚಾವಸ್ತುವನ್ನು ಹೊರಗಿನಿಂದ ಕೊಟ್ಟಾಗಲೇ ಆಲ್ಕಲಾಯ್ಡ್ ಹೆಚ್ಚಿದ್ದು. ಇನ್ನೊಂದು ತೊಡಕೂ ಇದೆ. ವಿನ್‌ಬ್ಲಾಸ್ಟಿನ್‌ನ ಒಂದು ಅರ್ಧ ವಿಂಡೋಲಿನ್ ಎಲೆಯೊಳಗೆ, ಇನ್ನೊಂದು ಅರ್ಧ ಕ್ಯಾಥರಾಂಥಿನ್ ಎಲೆಯ ಮೇಲಿನ ಮೇಣದಲ್ಲಿ. ಗಿಡವೇ ಅವನ್ನು ದೂರವಿಟ್ಟಿದೆ. 2022ರಲ್ಲಿ ಒಂದು ತಂಡ ಮೂವತ್ತಕ್ಕೂ ಹೆಚ್ಚು ಜೀನ್‌ಗಳನ್ನು ಯೀಸ್ಟ್‌ಗೆ ಸೇರಿಸಿ ಎರಡೂ ಅರ್ಧಗಳನ್ನು ತಯಾರಿಸಿತು. ಜೋಡಿಸಿದ್ದು ರಾಸಾಯನಿಕ ವಿಧಾನದಿಂದ.

ಗಂಟೆ ಹೊಡೆಯುವ ಮುಂಚೆ ಹಿಂದಿನ ಬೆಂಚಿನ ಹುಡುಗಿ ಎದ್ದಳು. “ನಮ್ಮಜ್ಜಿ ಶುಗರ್‌ಗೆ ಇದೇ ಎಲೆ ಕಷಾಯ ಕುಡೀತಾರೆ. ಔಷಧಿ ಅಷ್ಟು ಕಡಿಮೆ ಇದ್ರೆ ಏನೂ ಆಗಲ್ಲ ಅಲ್ವಾ?”

ತರಗತಿ ಸುಮ್ಮನಾಯಿತು. ನಾನು ಔಷಧ ಸಿಕ್ಕ ಕಥೆಯನ್ನೇ ಹೇಳಿದೆ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ತಂಡ ಪರೀಕ್ಷಿಸಲು ಹೊರಟಿದ್ದು ಇದೇ ಸಕ್ಕರೆ ಕಾಯಿಲೆಯ ನಂಬಿಕೆಯನ್ನು. ಎಲೆಯ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಇಳಿದದ್ದು ಸಕ್ಕರೆಯಲ್ಲ, ಬಿಳಿರಕ್ತಕಣ. ಈ ಗಿಡದಲ್ಲಿ ನೂರಕ್ಕೂ ಮಿಕ್ಕಿ ಆಲ್ಕಲಾಯ್ಡ್‌ಗಳಿವೆ. ಲೋಟದಲ್ಲಿ ಯಾವುದು ಎಷ್ಟಿದೆ ಎಂದು ಅಡುಗೆಮನೆಯಲ್ಲಿ ಅಳೆಯಲಾಗದು. “ಕಷಾಯ ನಿಲ್ಲಿಸಿ, ಶುಗರ್ ಮಾತ್ರೆ ಬಿಡದೆ, ಕುಡಿದದ್ದನ್ನು ಡಾಕ್ಟರಿಗೆ ತಿಳಿಸಲಿ” ಎಂದೆ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಔಷಧೀಯ ಸಸ್ಯದ ಪಾಠಯೋಜನೆ ಬರೆಯುವಾಗ ಚಟುವಟಿಕೆಗಿಂತ ಮೊದಲು ಈ ಅಜ್ಜಿಯ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಅಂಗಳದ ಗಿಡ ಮನೆಯಲ್ಲೂ ಇರುತ್ತದೆ.