ತಿಕ್ಕಿದರೆ ಹೋಗದ ಕಪ್ಪು

ಭಾನುವಾರ ಬಂತೆಂದರೆ ಆ ಮನೆಯ ಬಚ್ಚಲಿನಲ್ಲಿ ರಾದ್ಧಾಂತ. ಮೊದಲ ಪಿಯುಸಿ ಓದುವ ಮಗಳ ಕತ್ತಿನ ಹಿಂಭಾಗದಲ್ಲಿ ಕಪ್ಪು ಪಟ್ಟಿಯೊಂದು ಮೂಡಿತ್ತು. ಅಮ್ಮ ಕಡಲೆಹಿಟ್ಟು ಹಚ್ಚಿದಳು, ನಿಂಬೆಹೋಳು ಉಜ್ಜಿದಳು, ಕೊನೆಗೆ ತೆಂಗಿನ ನಾರಿನಿಂದ ತಿಕ್ಕಿದಳು. ಚರ್ಮ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ. 'ಸರಿಯಾಗಿ ಸ್ನಾನ ಮಾಡಿದರೆ ತಾನೇ' ಎಂಬ ಬೈಗುಳ ಮಾತ್ರ ತಪ್ಪಲಿಲ್ಲ.

ಕಾಲೇಜಿನಲ್ಲೂ ಪಿಸುಮಾತು. ಹುಡುಗಿ ಸೆಖೆಯಲ್ಲೂ ದುಪಟ್ಟಾವನ್ನು ಕತ್ತಿಗೆ ಸುತ್ತಿಕೊಂಡಳು. ಹಿಂದೆ ಯಾರೂ ಇರಬಾರದೆಂದು ಕೊನೆಯ ಬೆಂಚಿಗೆ ಹೋದಳು. ಅಲ್ಲಿಂದ ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲ.

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆಯೆಂದು ತೋರಿಸಲು ಹೋದಾಗ, ವೈದ್ಯೆ ಮೊದಲು ನೋಡಿದ್ದು ಕತ್ತನ್ನೇ.

'ನೀವು ಬಸುರಿಯಾಗಿದ್ದಾಗ ಕೆನ್ನೆಯ ಮೇಲೆ ಬಂಗು ಬಂದಿತ್ತೇ?' ಎಂದು ಅಮ್ಮನನ್ನು ಕೇಳಿದರು. ಅಮ್ಮ ತಲೆಯಾಡಿಸಿದಳು. 'ಅದನ್ನು ಯಾರಾದರೂ ಕೊಳೆ ಅಂದರೇ? ಇದೂ ಕೊಳೆಯಲ್ಲ. ಎರಡೂ ಹಾರ್ಮೋನಿನ ಕೆಲಸ.'

ಬಂಗಿಗೆ ಗರ್ಭಕಾಲದ ಹಾರ್ಮೋನುಗಳ ಜೊತೆ ಬಿಸಿಲೂ ಸೇರುತ್ತದೆ. ಕತ್ತು, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪಿಗೆ ಹೆಚ್ಚಾಗಿ ಕಾರಣ ಇನ್ಸುಲಿನ್. ದೇಹ ಅದರ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದದ್ದು ಚರ್ಮದ ಜೀವಕೋಶಗಳನ್ನು ಬೇಗಬೇಗ ಬೆಳೆಸುತ್ತದೆ. ಅಂಡಾಶಯವನ್ನು ಕೆಣಕಿ ಮುಟ್ಟಿನ ಲೆಕ್ಕ ತಪ್ಪಿಸುತ್ತದೆ. ತಿಕ್ಕಿದರೆ ಚರ್ಮ ಇನ್ನಷ್ಟು ಕಪ್ಪಾಗಬಹುದು. ಯಾರೋ ಹೇಳಿದ ಬಿಳುಪಿನ ಕ್ರೀಮಿನಲ್ಲಿ ಸ್ಟಿರಾಯ್ಡ್ ಇದ್ದರೆ ಚರ್ಮವೇ ತೆಳುವಾಗಿ ಹಾಳಾಗುತ್ತದೆ.

ರಕ್ತಪರೀಕ್ಷೆಯಲ್ಲಿ ಸಕ್ಕರೆ ತುಸು ಹೆಚ್ಚಿತ್ತು. ಮಧುಮೇಹವಲ್ಲ, ಅದರ ಹೊಸ್ತಿಲು. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುತ್ತ ಬೇಕರಿಯ ಪಫ್ಸು, ಸಿಹಿ ಪಾನೀಯದಲ್ಲೇ ಸಂಜೆ ಕಳೆಯುತ್ತಿದ್ದ ಹುಡುಗಿಗೆ ವೈದ್ಯೆ ದಿನಕ್ಕೊಂದು ಗಂಟೆ ನಡಿಗೆ, ಹೊತ್ತಿಗೆ ಸರಿಯಾದ ಊಟ ಮತ್ತು ನಿದ್ದೆ ಬರೆದುಕೊಟ್ಟರು. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಎಲ್ಲ ಕಪ್ಪಿಗೂ ಇದೇ ಕಾರಣವೆಂದಲ್ಲ. ಅದಕ್ಕೇ ವೈದ್ಯರು ನೋಡಬೇಕು.

ಆ ರಾತ್ರಿ ಉಣ್ಣಲು ಬಗ್ಗಿ ಕುಳಿತ ಅಪ್ಪನ ಕತ್ತಿನ ಮೇಲೂ ಅಂಥದೇ ಪಟ್ಟಿ ಅಮ್ಮನ ಕಣ್ಣಿಗೆ ಬಿತ್ತು. ಅದು ಎಷ್ಟು ವರ್ಷದಿಂದ ಇತ್ತೋ! ಅವರಿಗೆ ಯಾರೂ ಸ್ನಾನದ ಪಾಠ ಹೇಳಿರಲಿಲ್ಲ. ಮರುವಾರ ಅವರೂ ರಕ್ತ ಕೊಟ್ಟು ಬಂದರು.

ಈಗ ಸಂಜೆ ಅಪ್ಪ ಮಗಳು ಕೆರೆ ಏರಿಯ ಮೇಲೆ ನಡೆಯುತ್ತಾರೆ. ಕಪ್ಪು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಭಾನುವಾರ ಅಮ್ಮ ನಾರು ಹಿಡಿಯುವುದಿಲ್ಲ, ಎಣ್ಣೆ ಹಚ್ಚಿ ಜಡೆ ಹಾಕುತ್ತಾಳೆ. ಹುಡುಗಿ ಬೋರ್ಡು ಕಾಣುವ ಬೆಂಚಿಗೆ ಮರಳಿದ್ದಾಳೆ.