ಒಂದು ಗಣಕಯಂತ್ರದ ಎರಡು ಪಾಲು

ನಮ್ಮ ಮನೆಯಲ್ಲಿರುವುದು ಒಂದೇ ಗಣಕಯಂತ್ರ. ಅದನ್ನು ಮುಖ್ಯವಾಗಿ ಬಳಸುವವರು ಇಬ್ಬರು. ಒಬ್ಬರು ನನ್ನ ತಂದೆ. ತಾಳಮದ್ದಳೆಯ ಅರ್ಥಧಾರಿಯಾಗಿ ದಶಕಗಳ ಕಾಲ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು ನಿವೃತ್ತಿಯ ಬಳಿಕ ‘ನುಡಿ’ ತಂತ್ರಾಂಶದಲ್ಲಿ ತಾವೇ ಬೆರಳಚ್ಚಿಸಿದವರು. ಇನ್ನೊಬ್ಬಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ನನ್ನ ಮಗಳು. ತಂದೆಯವರ ನುಡಿ ನೆಲೆಸಿರುವುದು ವಿಂಡೋಸ್‌ನಲ್ಲಿ. ಮಗಳ ಶಾಲೆಯ ಲ್ಯಾಬಿನಲ್ಲಿರುವುದು ಲಿನಕ್ಸ್.

ಕಾಸರಗೋಡಿನ ಹೆತ್ತವರಿಗೆ ಈ ವ್ಯತ್ಯಾಸ ಹೊಸತಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಸ್ವತಂತ್ರ ತಂತ್ರಾಂಶವೇ ಬಳಕೆಯಲ್ಲಿದೆ. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯ ರೂಪ ತಳೆಯಿತು. ಅದು ಶಾಲೆಗಳಿಗೆ ಸಿದ್ಧಪಡಿಸಿ ಕೊಡುವ ವ್ಯವಸ್ಥೆಗೆ ಉಬುಂಟು ತಳಹದಿ. ಜಿಯೋಜೀಬ್ರಾ, ಲಿಬ್ರೆ ಆಫೀಸ್, ಇಂಕ್‌ಸ್ಕೇಪ್ ಮೊದಲಾದವು ಅದರೊಳಗೇ ಇರುತ್ತವೆ. ಹತ್ತನೆಯ ತರಗತಿಯ ಐಟಿ ಪರೀಕ್ಷೆಯನ್ನು ಮಕ್ಕಳು ಅದರ ಮುಂದೆಯೇ ಕುಳಿತು ಬರೆಯಬೇಕು. ಶಾಲೆಯಲ್ಲಿ ವಾರಕ್ಕೆ ದೊರೆಯುವ ಕೆಲವೇ ಅವಧಿಗಳಲ್ಲಿ ಕೈ ಪಳಗುವುದು ಕಷ್ಟ. ಮನೆಯಲ್ಲೂ ಅದೇ ವ್ಯವಸ್ಥೆಯಿದ್ದರೆ ಒಳ್ಳೆಯದೆಂಬ ಮಗಳ ಬೇಡಿಕೆ ನ್ಯಾಯವಾದದ್ದೇ ಆಗಿತ್ತು.

ಹಾಗೆಂದು ವಿಂಡೋಸನ್ನು ತೆಗೆದುಹಾಕುವಂತಿರಲಿಲ್ಲ. ವಿಷಯ ತಿಳಿದ ತಂದೆಯವರು ಕೇಳಿದ್ದು ಒಂದೇ ಮಾತು: “ನನ್ನದಕ್ಕೆ ಏನೂ ಆಗ್ಲಿಕ್ಕಿಲ್ಲವಷ್ಟೆ?”

ಆ ‘ನನ್ನದು’ ಎಂಬುದರಲ್ಲಿ ವಾಲಿಮೋಕ್ಷ, ಕರ್ಣಭೇದನ, ಭೀಷ್ಮವಿಜಯ ಮೊದಲಾದ ಪ್ರಸಂಗಗಳ ನೂರಾರು ಪುಟಗಳಿದ್ದವು. ಮೂಲದ ಕೈಬರಹದ ಪುಸ್ತಕಗಳಲ್ಲಿ ಹಲವು ಗೆದ್ದಲಿಗೆ ಆಹಾರವಾಗಿ ಹೋಗಿವೆ. ಆದುದರಿಂದ ಮೊದಲ ದಿನ ನಾವು ಮಾಡಿದ ಕೆಲಸ ಒಂದೇ. ಎಲ್ಲ ಕಡತಗಳನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲಿಸಿ, ಅವು ತೆರೆಯುತ್ತವೆಯೇ ಎಂದು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಒಂದನ್ನು ತಮ್ಮನ ಮನೆಗೆ ಕಳುಹಿಸಿದೆವು. ಎರಡು ವ್ಯವಸ್ಥೆಗಳನ್ನು ಅಳವಡಿಸಬಯಸುವವರಿಗೆ ನಾನು ಹೇಳುವ ಮೊದಲ ಮಾತೂ ಇದೇ.

ಉಳಿದದ್ದು ಜಮೀನು ಪಾಲು ಮಾಡುವ ಕ್ರಮಕ್ಕಿಂತ ಹೆಚ್ಚು ಭಿನ್ನವಲ್ಲ. ಡಿಸ್ಕಿನಲ್ಲಿ ವಿಂಡೋಸ್ ಆಕ್ರಮಿಸಿರುವ ವಿಭಾಗವನ್ನು ವಿಂಡೋಸಿನದೇ ಸಲಕರಣೆಯಿಂದ ಕಿರಿದುಗೊಳಿಸಿ, 60 ಜಿಬಿಯಷ್ಟು ಜಾಗವನ್ನು ಖಾಲಿ ಬಿಟ್ಟೆವು. ಅದಕ್ಕೂ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸಬೇಕು. ಆ ಸೌಲಭ್ಯವಿರುವಾಗ ವಿಂಡೋಸ್ ಪೂರ್ಣವಾಗಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ. ಅದರ ಕಡತಗಳನ್ನು ತಿದ್ದಲು ಲಿನಕ್ಸಿಗೆ ಆಗ ಅವಕಾಶ ದೊರೆಯದು.

ಉಬುಂಟು ಪೆನ್‌ಡ್ರೈವನ್ನು ಶಾಲೆಯ ಅಧ್ಯಾಪಕರೇ ಕೊಟ್ಟರು. ಸ್ವತಂತ್ರ ತಂತ್ರಾಂಶವಾದ ಕಾರಣ ನಕಲು ಮಾಡಿ ಹಂಚಲು ಅದರ ಪರವಾನಗಿಯೇ ಅನುಮತಿ ನೀಡುತ್ತದೆ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಹಾಗೆ ನಡೆಸಿ ವೈಫೈ, ಧ್ವನಿ, ಮುದ್ರಣ ಎಲ್ಲವೂ ಸರಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅಳವಡಿಕೆಗೆ ತೊಡಗಿದೆವು. ಅಲ್ಲಿ ಎದುರಾಗುವ ಒಂದು ಪ್ರಶ್ನೆಯನ್ನು ನಿಧಾನವಾಗಿ ಓದಬೇಕು: ಇಡೀ ಡಿಸ್ಕನ್ನು ಅಳಿಸುವುದೋ, ವಿಂಡೋಸಿನ ಪಕ್ಕದಲ್ಲಿ ನೆಲೆಗೊಳಿಸುವುದೋ? ಎರಡನೆಯದನ್ನು ಆಯ್ದೆವು. ಅಜ್ಜ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಮೊಮ್ಮಗಳು ಪ್ರತಿಯೊಂದು ಪುಟವನ್ನೂ ಓದಿ ಹೇಳಿದ ಬಳಿಕವೇ ಗುಂಡಿಯೊತ್ತಿದಳು.

ಈಗ ಯಂತ್ರ ಚಾಲೂ ಮಾಡಿದರೆ ‘ಗ್ರಬ್’ ಎಂಬ ಪುಟ್ಟ ತಂತ್ರಾಂಶ ಯಾವ ವ್ಯವಸ್ಥೆ ಬೇಕೆಂದು ಕೇಳುತ್ತದೆ. ಮೊದಲ ವಾರದಲ್ಲಿ ಗಡಿಯಾರ ಮಾತ್ರ ಗೊಂದಲಗೊಳಿಸಿತು. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ಭಾವಿಸುತ್ತದೆ. ಜಾಗತಿಕ ಸಮಯವೆಂದು ಲಿನಕ್ಸ್ ಭಾವಿಸುತ್ತದೆ. ಆದಕಾರಣ ಒಂದರಿಂದ ಇನ್ನೊಂದಕ್ಕೆ ದಾಟಿದಾಗ ಐದೂವರೆ ಗಂಟೆಗಳ ಅಂತರ ಕಾಣುತ್ತದೆ. ಲಿನಕ್ಸಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟೊಡನೆ ಅದು ಸರಿಹೋಯಿತು.

ಆದರೆ ನಾವು ಎಣಿಸಿರದ ಇನ್ನೊಂದು ಸಮಸ್ಯೆ ಕಾದಿತ್ತು. ವಿಂಡೋಸ್ ವಿಭಾಗದ ಕಡತಗಳನ್ನು ಲಿನಕ್ಸ್ ಓದಬಲ್ಲದಾದುದರಿಂದ ಮಗಳು ಅಜ್ಜನ ‘ಕರ್ಣಭೇದನ’ವನ್ನು ತನ್ನ ಪಾಲಿನಲ್ಲಿ ತೆರೆದಳು. ಕಂಡದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ರಾಶಿ. ತಂದೆಯವರ ಮುಖ ಬಾಡಿತು. ಕಡತಕ್ಕೆ ಏನೂ ಆಗಿರಲಿಲ್ಲ. ನುಡಿಯ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದಲ್ಲಿ ಬರಿಯ ಗೀಚು. ಯುನಿಕೋಡ್‌ನಲ್ಲಾದರೆ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅಲ್ಲಿ ಸ್ಥಾನ ದೊರೆತಿತ್ತು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದದ್ದೂ ಅದೇ ವರ್ಷ.

ಎರಡು ವ್ಯವಸ್ಥೆಗಳು ಒಂದೇ ಯಂತ್ರಕ್ಕೆ ಬಾರದೆ ಇದ್ದಿದ್ದರೆ ಈ ಸಂಗತಿ ನಮ್ಮ ಗಮನಕ್ಕೆ ಬರುತ್ತಿರಲಿಲ್ಲ. ಹತ್ತಾರು ವರ್ಷಗಳ ಬಳಿಕ, ನುಡಿಯೂ ಇಲ್ಲದ, ತಂದೆಯವರೂ ಇಲ್ಲದ ಕಾಲದಲ್ಲಿ, ಯಾರಾದರೊಬ್ಬರು ಆ ಕಡತವನ್ನು ತೆರೆದು, ಗೀಚೆಂದು ತಿಳಿದು ಅಳಿಸಿಬಿಡುತ್ತಿದ್ದರೋ ಏನೋ.

ಪರಿವರ್ತಕ ತಂತ್ರಾಂಶದ ನೆರವಿನಿಂದ ಪ್ರಸಂಗಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ತರುವ ಕೆಲಸ ಈಗ ನಡೆಯುತ್ತಿದೆ. ಯಂತ್ರ ಮಾಡಿಕೊಟ್ಟದ್ದನ್ನು ಹಾಗೆಯೇ ನಂಬುವಂತಿಲ್ಲ. ಅರ್ಕಾವೊತ್ತುಗಳು ಅಲ್ಲಲ್ಲಿ ಸ್ಥಳ ತಪ್ಪುತ್ತವೆ. ಸಂಜೆ ಮೊಮ್ಮಗಳು ಗಟ್ಟಿಯಾಗಿ ಓದುತ್ತಾಳೆ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಾರೆ. ಕರ್ಣನ ಮಾತು ಎಡವಿದಲ್ಲಿ ನಿಲ್ಲಿಸಿ, ಸರಿಯಾದ ಪದ ಹೇಳಿ, ಅದರ ಅರ್ಥವನ್ನೂ ವಿವರಿಸುತ್ತಾರೆ. ಐಟಿ ಪರೀಕ್ಷೆಗೆಂದು ಆರಂಭಿಸಿದ ಕೆಲಸದಲ್ಲಿ ಆಕೆಗೆ ಕನ್ನಡದ ಪಾಠವೂ ಆಗುತ್ತಿದೆ. ತಂದೆಯವರೂ ಒಮ್ಮೊಮ್ಮೆ ಲಿನಕ್ಸಿನಲ್ಲಿಯೇ ಬರೆಯುತ್ತಾರೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಬಹುಮಟ್ಟಿಗೆ ಅನುಸರಿಸುವ ‘ಕಗಪ’ ಕೀಲಿಮಣೆ ಅಲ್ಲಿಯೂ ಇರುವುದರಿಂದ ಬೆರಳುಗಳಿಗೆ ಹೊಸ ಅಭ್ಯಾಸದ ಹೊರೆ ಬೀಳಲಿಲ್ಲ.

ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತೇವೆ. ಪೇಟೆಗೊಂದು, ಮನೆಗೊಂದು, ಶಾಲೆಗೊಂದು ಭಾಷೆಯಾದರೂ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ನಮ್ಮ ಹಿರಿಯರು ಎಣಿಸಲಿಲ್ಲ. ಮಕ್ಕಳಿಗಾಗಿ ಹೊಸ ವ್ಯವಸ್ಥೆಯನ್ನು ಮನೆಗೆ ತರುವವರು ಅಂದೇ ಹಿರಿಯರ ಹಳೆಯ ಕಡತಗಳನ್ನೂ ಅದರಲ್ಲಿ ಒಮ್ಮೆ ತೆರೆದು ನೋಡಬೇಕು. ಓದಲು ಬಾರದಿದ್ದರೆ, ಬರೆದವರು ಪಕ್ಕದಲ್ಲಿ ಕುಳಿತು ತಿದ್ದಬಲ್ಲ ಕಾಲದಲ್ಲಿಯೇ ಯುನಿಕೋಡ್‌ಗೆ ತರುವುದು ಲೇಸು. ನಮ್ಮಲ್ಲಿ ಇನ್ನು ಹನ್ನೊಂದು ಪ್ರಸಂಗಗಳು ಬಾಕಿಯಿವೆ.